ಉಣಕಲ್ಲಿನ ಜಾವಾ ಮೇಡಂ

ಮೊನ್ನೆ ಆಫೀಸಿನಲ್ಲಿ ಹೊಸ ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಹುಬ್ಬಳ್ಳಿಯ ಉಣಕಲ್ಲಿನಲ್ಲಿದ್ದ ಕಂಪ್ಯೂಟರ್ ತರಗತಿಯ ಆ ಸಣ್ಣ ಕೋಣೆ, ಬಿಳಿ ಬೋರ್ಡು, ಅದರ ಮುಂದೆ ಕೈ ಬೀಸುತ್ತ ನಿಂತ ಮೇಡಂ... ಎಲ್ಲ ಒಮ್ಮೆಲೇ ಕಣ್ಣೆದುರು ಬಂದವು.

ಅವರು ಧಾರವಾಡದಿಂದ ಬಸ್ಸಿನಲ್ಲಿ ಬಂದು ಜಾವಾ ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಐವತ್ತರ ಆಸುಪಾಸಿನ ವಯಸ್ಸು, ಹತ್ತಿ ಸೀರೆ, ಮಾತಿನಲ್ಲಿ ಸದಾ ಅವಸರ. ನಾನಾಗ ಎರಡು ಮಕ್ಕಳ ತಾಯಿ. ಶಾಲೆಯೊಂದರ ಗ್ರಂಥಾಲಯದಲ್ಲಿ ತಾತ್ಕಾಲಿಕ ಕೆಲಸ. ಕಾಲೇಜು ಹುಡುಗಿಯರ ನಡುವೆ ತಿಂಗಳುಗಟ್ಟಲೆ ಕೂತರೂ ಏನೂ ತಲೆಗೆ ಹತ್ತಿರಲಿಲ್ಲ. ಒಂದು ಸಂಜೆ ಧೈರ್ಯ ಮಾಡಿ ಹೇಳಿಬಿಟ್ಟೆ.

"ಮೇಡಂ, ನಾಳಿಂದ ಬರೂದಿಲ್ರಿ. ಇದು ನನ್ನ ಕೈಲೆ ಆಗೂದಲ್ಲ."

"ಬಿಡೂದಿದ್ರ ಬಿಡ್ರಿ. ಆದ್ರ ಇವತ್ತಿಂದು ಮುಗಿಸಿ ಬಿಡ್ರಿ," ಎಂದು ನಕ್ಕರು.

ಅಂದಿನ ಪಾಠ ಎರಡು ಪಟ್ಟಿಗಳನ್ನು ಹೋಲಿಸುವುದು. ನನಗೆ ಗೊತ್ತಿದ್ದದ್ದು ಪುಸ್ತಕಗಳೇ. ಎರಡು ಪಟ್ಟಿ ಮಾಡಿದೆ. ಎರಡರಲ್ಲೂ ಅವೇ ಪುಸ್ತಕ, ಅದೇ ಕ್ರಮ. ನಡುವೆ ಜೋಡಿ ಸಮ ಚಿಹ್ನೆ ಹಾಕಿ, ಎರಡೂ ಒಂದೇನಾ ಎಂದು ಕಂಪ್ಯೂಟರನ್ನು ಕೇಳಿದೆ. ಫಾಲ್ಸ್ ಎಂದಿತು. ಆ ಚಿಹ್ನೆ ನೋಡುವುದು ಎರಡೂ ಬೇರೆ ಬೇರೆ ಪಟ್ಟಿಯೋ ಒಂದೇ ಪಟ್ಟಿಯೋ ಎಂಬುದನ್ನಷ್ಟೇ, ಒಳಗಿರುವುದನ್ನು ಹೋಲಿಸಲು 'ಈಕ್ವಲ್ಸ್' ಬೇಕು ಎಂದು ಮೇಡಂ ಆಗಲೇ ಹೇಳಿದ್ದರು. ಅದನ್ನೂ ಹಾಕಿದೆ. ಮತ್ತೆ ಫಾಲ್ಸ್! ತೆರೆಯ ಮೇಲೆ ಹೆಸರುಗಳೆಲ್ಲ ತದ್ವತ್ ಒಂದೇ... ಅಳು ಬಂತು.

ಮೇಡಂ ಬಂದು ಬಗ್ಗಿ ನೋಡಿದರು. ಉತ್ತರ ಹೇಳುವ ಬದಲು ಕೇಳಿದರು: "ಈ ಪುಸ್ತಕ, ಆ ಪುಸ್ತಕ ಎರಡೂ ಒಂದೇ ಅಂತ ಅದಕ್ಕ ಯಾರು ಹೇಳ್ಯಾರ್ರಿ?"

ಯಾರೂ ಹೇಳಿರಲಿಲ್ಲ! ನೀನೂ ಆ ಪಟ್ಟಿಯಲ್ಲಿರುವುದೂ ಒಂದೇನಾ ಎಂದು ಪಟ್ಟಿ ಪ್ರತಿಯೊಂದು ಪುಸ್ತಕವನ್ನೂ ಕೇಳುತ್ತಿತ್ತು. ನನ್ನ ಪುಸ್ತಕಗಳಿಗೆ ಉತ್ತರವೇ ಗೊತ್ತಿರಲಿಲ್ಲ. ಬೆರಳುಗಳು ತಾವೇ ಓಡಿದವು. ಪುಸ್ತಕ ಎಂದರೇನೆಂದು ಹೇಳುವ 'ಕ್ಲಾಸ್' ಎಂಬ ಕೋಡಿನ ತುಂಡಿನೊಳಗೆ ನಾನೇ ಒಂದು ಈಕ್ವಲ್ಸ್ ಬರೆದೆ: ಹೆಸರು, ಲೇಖಕ ಎರಡೂ ಹೊಂದಿದರೆ ಅದೇ ಪುಸ್ತಕ. ಪ್ರೋಗ್ರಾಮ್ ಓಡಿಸಿದೆ.

"ಟ್ರೂ ಬಂತ್ರೀ!" ನಾನೆದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಟ್ರೂ ಏನ್ರಿ, ಖರೇ ಅನ್ರಿ, ಖರೇ!" ಮೇಡಂ ನನಗಿಂತ ಜೋರಾಗಿ ಕೂಗಿ, ನನ್ನೆರಡೂ ಕೈ ಹಿಡಿದು ಕುಣಿಸಿದರು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. "ನಾಳೆ ಕ್ರಮ ಬದಲ್ ಮಾಡಿ ನೋಡೂಣು. ಲಗೂ ಬರ್ರಿ."

"ಬರ್ತೇನ್ರಿ," ಎಂದೆ.

ಈಗ ಹುಬ್ಬಳ್ಳಿಯಲ್ಲೇ, ಸಣ್ಣದೊಂದು ಕಂಪನಿಯಲ್ಲಿ ಪ್ರೋಗ್ರಾಮ್ ಬರೆಯುತ್ತೇನೆ. ಬಿಡಿಸಲಾಗದ ಗಂಟೊಂದನ್ನು ಬಿಡಿಸಿದಾಗಲೆಲ್ಲ ಮೊದಲ ಫೋನು ಮೇಡಂಗೇ ಹೋಗುತ್ತಿತ್ತು. ಆ ಕಡೆಯಿಂದ "ಹೌದೇನ್ರಿ! ಹೆಂಗ ಮಾಡಿದ್ರಿ, ಹೇಳ್ರಿ ಹೇಳ್ರಿ..." ಎಂಬ ಅದೇ ಅವಸರ. ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು.

ನಿನ್ನೆಯೂ ಅವರಿಗೆ ಹೇಳುವಂಥದ್ದೊಂದು ಸಿಕ್ಕಿತ್ತು.