ಮಾರಿದ ಮನೆಯ ಒಲೆ

ತಮಿಳುನಾಡಿನ ತೇವಾರದಲ್ಲಿ ನಾವಿದ್ದ ಮನೆಯನ್ನು ನಾನು ಅತ್ತೆಯಿಂದಲೇ ಕೊಂಡುಕೊಂಡೆ. ಮದುವೆಯಾದಂದಿನಿಂದ ಉಪ್ಪಿನ ಜಾಡಿ ಎಲ್ಲಿರಬೇಕೆಂದು ಹೇಳುತ್ತಿದ್ದವರು ಅವರೇ. ಇನ್ನಾದರೂ ಅಡುಗೆಮನೆ ನನ್ನ ಕ್ರಮದಲ್ಲಿ ನಡೆಯಲಿ ಎಂಬುದಷ್ಟೇ ನನ್ನ ಆಸೆ.

ನೋಂದಣಿ ಕಚೇರಿಯಲ್ಲಿ ಬೆಳಗಿನಿಂದ ಕಾದು ಕಾದು ನಮ್ಮ ಸರದಿ ಬಂತು. ಅಧಿಕಾರಿ ಅತ್ತೆಯನ್ನು ಅಜ್ಜಿ ಎಂದು ಕರೆದು ತಮಿಳಿನಲ್ಲಿ ಕೇಳಿದರು, "ಪಾಟ್ಟಿ, ಯಾರಾದರೂ ಬಲವಂತ ಮಾಡಿದರಾ?"

"ಇವಳು ಬಲವಂತ ಮಾಡದ ದಿನ ಯಾವುದಪ್ಪಾ? ಮಾತ್ರೆ ನುಂಗು ಅಂತಾಳೆ, ಸೋಪು ಹಾಕಿ ಕೈ ತೊಳಿ ಅಂತಾಳೆ."

ಅಧಿಕಾರಿ ಪೆನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದರು. ಮನೆ ಕೈತಪ್ಪಿತು ಎಂದುಕೊಂಡೆ.

"ಮನೆ ಮಾರೋಕೆ ಬಲವಂತ ಇತ್ತಾ, ಪಾಟ್ಟಿ?"

"ಅದಾ? ಅದು ನಾನೇ ಇವಳ ತಲೆಗೆ ಕಟ್ಟಿದ್ದು" ಎಂದು ಅತ್ತೆ ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆರಳಿಟ್ಟರು.

ಮನೆಗೆ ಬಂದು ದಣಿದು ಕೂತೆ. ಎಂದಿನಂತೆ ಅತ್ತೆ ಕಾಫಿಗೆ ಏಳಲಿಲ್ಲ, ನನ್ನ ಪಕ್ಕದಲ್ಲೇ ಕೂತರು.

"ಮಾರಿದವಳು ಆ ಮನೇಲಿ ಒಲೆ ಹಚ್ಚಬಾರದು, ತಾಯೀ. ನಮ್ಮ ಕುಲದ ಕಟ್ಟಳೆ. ಇನ್ನು ನಾನು ನೆಂಟಳು. ಕಾಫಿ ತಾ."

ಈಗ ಮೂರು ಹೊತ್ತೂ ಅಡುಗೆಮನೆ ಪೂರ್ತಿ ನನ್ನದೇ. ಉಪ್ಪಿನ ಜಾಡಿಯ ಜಾಗವನ್ನು ಅತ್ತೆ ನಡುಮನೆಯಿಂದ ಕೂಗಿ ಹೇಳುತ್ತಾರೆ. ನೆಂಟರಿಗೆ ಎದುರಾಡಬಾರದೆಂದು ನಾನು ಓದಿದ ಕಾನ್ವೆಂಟಿನಲ್ಲಿ ನನಗೆ ಚೆನ್ನಾಗಿ ಕಲಿಸಿದ್ದಾರೆ.