ಕೆಂಪಮ್ಮ ಕಾದಿಟ್ಟ ಹುಲ್ಲು

ಹುಲ್ಲು ಕತ್ತರಿಸುವ ಯಂತ್ರದ ಸದ್ದು ನಿಂತ ಮೇಲೆ ಆ ವಾಸನೆ ಮೂಗಿಗೆ ಬಂತು. ಆಗತಾನೇ ಕೊಯ್ದ ಹಸಿ ಹುಲ್ಲು, ಅದರಡಿಯ ಒದ್ದೆ ಮಣ್ಣು, ಪಕ್ಕದಲ್ಲಿ ಹರಿಯುವ ಹೊಳೆಯ ಪಾಚಿ. ಅಜ್ಜಿಯಾದ ನನ್ನನ್ನು ನಾನೀ ಅನ್ನುವ ಮೊಮ್ಮಗಳು ಹಟ ಹಿಡಿದು ಕರೆತಂದಿದ್ದಳು. ಹೊಳೆ ದಂಡೆಯಲ್ಲಿ ಹೊಸ ಪಾರ್ಕು ಮಾಡಿದ್ದಾರಂತೆ, ಒಳಗೆ ಕಾಡಿನಂಥ ದಾರಿಯಂತೆ, ಜನವೇ ಇರುವುದಿಲ್ಲವಂತೆ. "ಹೈಕಿಂಗ್ ನಾನೀ, ಸುಮ್ನೆ ನಡೆಯೋದು ಅಷ್ಟೇ" ಅಂದಿದ್ದಳು. ಸುಮ್ಮನೆ ನಡೆಯುವುದಕ್ಕೆ ಹೈಕಿಂಗ್ ಅಂತ ಹೆಸರಿಟ್ಟು ಟಿಕೆಟ್ ಹರಿದು ಕೊಟ್ಟರೆ ನಡಿಗೆಗೇನು ಕೊಂಬು ಬರುತ್ತದೆಯೇ ಅಂತ ಗೊಣಗಿಕೊಂಡೇ ಹೊರಟಿದ್ದೆ. ಬಾಗಿಲಲ್ಲಿ ಬಾಯಿ ತೆರೆದು ನಿಂತ ಪೆಂಗ್ವಿನ್ ಆಕಾರದ ಕಸದ ಡಬ್ಬಿ ನೋಡಿ ಇನ್ನಷ್ಟು ಮೂಗು ಮುರಿದಿದ್ದೆ. ಆದರೆ ಈ ವಾಸನೆ ಬಂತು ನೋಡಿ, ನಿಂತಲ್ಲೇ ನಿಂತುಬಿಟ್ಟೆ. ನನ್ನ ಪಾಲಿಗೆ ಅದು ಅರ್ಧ ವಾಸನೆ. ಉಳಿದರ್ಧ ಕಲಾಯಿ ಹಾಕುವಾಗ ಏಳುವ ನವಸಾಗರದ ಹೊಗೆ. ನಿಮ್ಮ ಮನೆಯಲ್ಲೂ ತಾಮ್ರ ಹಿತ್ತಾಳೆಯ ಪಾತ್ರೆಗಳಿದ್ದ ಕಾಲ ನೆನಪಿದ್ದರೆ ಆ ಹೊಗೆ ನಿಮಗೂ ಗೊತ್ತಿರುತ್ತದೆ. ಬೆಳ್ಳಗೆ ಎದ್ದು ಕಣ್ಣು ಉರಿಸಿ ಗಂಟಲು ಹಿಡಿಯುತ್ತಿತ್ತು. ಹುಲ್ಲಿನ ವಾಸನೆ ಬಂದರೆ ಅದೂ ಬರಲೇಬೇಕು ಅಂತ ನನ್ನ ಮೂಗು ಈ ವಯಸ್ಸಿನಲ್ಲೂ ಕಾಯುತ್ತದೆ. ಪಾರ್ಕಿನಲ್ಲಿ ಅದೆಲ್ಲಿಂದ ಬರಬೇಕು?

ನಮ್ಮ ಅಬ್ಬಾ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ತುಮಕೂರಿನ ಶಿರಾ ಗೇಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಹೆಂಚಿನ ಮನೆ. ಮುಂದಿನ ಜಗಲಿಯೇ ಅಂಗಡಿ. ನೆಲದಲ್ಲಿ ತೋಡಿದ ಕುಳಿಯಲ್ಲಿ ಇದ್ದಿಲು, ಅದಕ್ಕೆ ಗಾಳಿ ಊದುವ ತಿದಿ, ಕಾದ ಪಾತ್ರೆಯೊಳಗೆ ಒಂದು ಚಿಟಿಕೆ ನವಸಾಗರ, ಒಂದು ಗೆರೆ ತವರ, ಹತ್ತಿಯ ಉಂಡೆಯಿಂದ ಗರ್ರನೆ ಒಂದು ಸುತ್ತು. ಕರ್ರಗಿದ್ದ ಪಾತ್ರೆಯ ಹೊಟ್ಟೆ ಬೆಳ್ಳಿಯ ಹಾಗೆ ಬೆಳಗುತ್ತಿತ್ತು. ಜಗಲಿ ದಾಟಿದರೆ ನಡುಮನೆ, ಹಿಂದೆ ಪುಟ್ಟ ಅಂಗಳ, ಅಂಗಳದ ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು. ಅಷ್ಟೇ ನಮ್ಮ ಅರಮನೆ. ಅದರಲ್ಲಿ ಅಬ್ಬಾ, ಅವರ ತಾಯಿ ದಾದಿ, ನಮ್ಮ ಅಮ್ಮಿ, ಮತ್ತು ಒಬ್ಬಳೇ ಮಗಳಾದ ನಾನು, ಎಲ್ಲರ ಬಾಯಲ್ಲಿ ಮುನ್ನಿ. ಮನೆಯೊಳಗಿನ ಮಾತು ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅಮ್ಮಿ ಹೊಸ್ತಿಲು ದಾಟುತ್ತಿದ್ದುದೇ ಅಪರೂಪ. ಮದುವೆ, ಸಾವು, ಆಸ್ಪತ್ರೆ, ಅಷ್ಟಕ್ಕೆ ಮಾತ್ರ ಬುರ್ಖಾ ಗೂಟದಿಂದ ಇಳಿಯುತ್ತಿತ್ತು. ಅವಳಿಗೆ ಆಕಾಶ ಅಂದರೆ ನಮ್ಮ ಅಂಗಳದ ಮೇಲೆ ಕಾಣುವಷ್ಟು ಆಕಾಶ. ಆದರೆ ವರ್ಷದಲ್ಲಿ ಒಂದು ಬುಧವಾರ ಅವಳದಾಗಿತ್ತು.

ಸಫರ್ ತಿಂಗಳ ಕಡೆಯ ಬುಧವಾರವನ್ನು ನಮ್ಮವರು ಆಖ್ರಿ ಚಾರ್‌ಶಂಬಾ ಅನ್ನುತ್ತಿದ್ದರು. ದಾದಿ ಪ್ರತಿ ವರ್ಷ ಅದೇ ಕತೆ ಹೇಳುತ್ತಿದ್ದಳು. ಪೈಗಂಬರರು ಕಾಯಿಲೆ ಬಿದ್ದಿದ್ದರಂತೆ. ಆ ಬುಧವಾರ ಮೈ ಹಗುರಾಯಿತಂತೆ. ಎದ್ದು ಸ್ನಾನ ಮಾಡಿ, ಹೊರಗೆ ಹೋಗಿ ಹಸಿರಿನ ಮೇಲೆ ನಡೆದಾಡಿದರಂತೆ. ಅದಕ್ಕೇ ನಾವೂ ಅವತ್ತು ಬರಿಗಾಲಲ್ಲಿ ಹಸಿರು ತುಳಿಯಬೇಕು. ತುಳಿದವರಿಗೆ ವರ್ಷವಿಡೀ ಕಾಯಿಲೆ ಬರುವುದಿಲ್ಲ. ಬೆಳಿಗ್ಗೆ ಮಾವಿನೆಲೆಯ ಮೇಲೆ ಕೇಸರಿ ನೀರಲ್ಲಿ ಏಳು ಸಲಾಮು, ಅಂದರೆ ಕುರಾನಿನ ಏಳು ಸಾಲು, ಬರೆದು, ಎಲೆ ತೊಳೆದ ನೀರನ್ನು ಎಲ್ಲರಿಗೂ ಕುಡಿಸುತ್ತಿದ್ದಳು. ನಮ್ಮ ತಿಂಗಳುಗಳು ಚಂದ್ರನ ಲೆಕ್ಕದವು, ವರ್ಷ ವರ್ಷ ಹಿಂದಕ್ಕೆ ಸರಿಯುತ್ತವೆ. ಎಪ್ಪತ್ತರ ದಶಕದ ನಡುವೆ, ನನಗೆ ಬುದ್ಧಿ ತಿಳಿಯುವ ಹೊತ್ತಿಗೆ, ಆ ಬುಧವಾರ ಶಿವರಾತ್ರಿಯ ಆಸುಪಾಸಿಗೆ ಬಂದು ಕೂತಿತ್ತು. ಆ ಕಾಲದಲ್ಲಿ ತುಮಕೂರಿನಲ್ಲಿ ಹಸಿರು ಹುಲ್ಲು ಎಲ್ಲಿ ಹುಡುಕುತ್ತೀರಿ? ಕೆರೆಯ ಅಂಗಳವೇ ಬಿರುಕು ಬಿಟ್ಟಿರುತ್ತಿತ್ತು. ಕೆಲವರು ಒಣ ಹುಲ್ಲನ್ನೇ ತುಳಿದು ಬಂದು ಆಯಿತು ಅನ್ನುತ್ತಿದ್ದರು. ದಾದಿ ಅಷ್ಟಕ್ಕೆ ಬಿಡುವವಳೇ? "ಒಣಗಿದ್ದನ್ನ ತುಳಿಯೋಕೆ ಹಬ್ಬ ಯಾಕೆ ಬೇಕು, ಬೀದಿ ಸಾಲದಾ?" ಅಂತ ಮಗನ ಜೀವ ತಿನ್ನುತ್ತಿದ್ದಳು.

ಹಾಗೆ ಅಬ್ಬಾ ಹುಡುಕಿದ ಜಾಗ ಕೆಂಪಮ್ಮನ ತೋಟ. ಸಿ.ಎಸ್. ಪುರದ ಕಡೆ, ಶಿಂಷಾ ಹೊಳೆಯ ದಂಡೆಯಲ್ಲಿ ಅವರದೊಂದು ತೆಂಗಿನ ತೋಟವಿತ್ತು. ಅಬ್ಬಾ ಸೈಕಲ್ಲಿಗೆ ತಿದಿ ಕಟ್ಟಿಕೊಂಡು ಹಳ್ಳಿಗಳ ಮೇಲೆ ಹೋಗುವಾಗ ಅವರ ಮನೆಯ ಪಾತ್ರೆಗಳಿಗೂ ಕಲಾಯಿ ಹಾಕಿ ಬರುತ್ತಿದ್ದರು. ತೋಟದ ಕೆಳಗೆ ಹೊಳೆ ತಿರುಗುವ ಕಡೆ ಬೇಸಿಗೆಯಲ್ಲೂ ನೀರು ಜಿನುಗುವ ಒಂದು ತಗ್ಗು. ಅಲ್ಲಿ ಮಾತ್ರ ಹುಲ್ಲು ಒಣಗುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಕೆಂಪಮ್ಮನ ದನಗಳಿಗೆ. ಅವು ಅಲ್ಲೇ ಬೀಡುಬಿಟ್ಟು ಬೋಳಿಸಿರುತ್ತಿದ್ದವು. ಅಬ್ಬಾ ಸಂಕೋಚಪಡುತ್ತಲೇ ನಮ್ಮ ಹಬ್ಬದ ವಿಷಯ ಹೇಳಿದಾಗ ಆಕೆ, "ಅದ್ಕೇನ್ ಸಾಬ್ರೇ, ನಾಕ್ ದಿನ ದನ ತಡದ್ರೆ ಹುಲ್ಲು ತಾನೇ ಏಳ್ತದೆ. ಕರ್ಕಂಡ್ ಬನ್ನಿ, ಹೆಣ್ಮಕ್ಳು ಓಡಾಡಿದ್ರೆ ನೆಲಕ್ಕೂ ಒಳ್ಳೇದು" ಅಂದರಂತೆ. ಅಂದಿನಿಂದ ಪ್ರತಿ ವರ್ಷ ನಮ್ಮ ಆ ತಿಂಗಳು ಮುಗಿಯುವ ಅಮಾವಾಸ್ಯೆ ಹತ್ತಿರ ಬಂತು ಅನ್ನುವಾಗ ಆ ತಗ್ಗಿನ ಸುತ್ತ ಜಾಲಿಮುಳ್ಳಿನ ಬೇಲಿ ಬೀಳುತ್ತಿತ್ತು. ತನ್ನ ದನಗಳನ್ನೇ ಹೊರಗಿಟ್ಟು, ನಮ್ಮ ಹಬ್ಬಕ್ಕೆ ಆಕೆ ಹುಲ್ಲು ಕಾದಿಡುತ್ತಿದ್ದರು.

ಗುಬ್ಬಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು, ಇಳಿದ ಮೇಲೆ ಹೊಳೆಯ ದಂಡೆ ಹಿಡಿದು ನಡಿಗೆ. ಮೊಮ್ಮಗಳ ಭಾಷೆಯಲ್ಲಿ ಹೇಳುವುದಾದರೆ ಅದೇ ನಮ್ಮ ಹೈಕಿಂಗು. ಹೊಂಗೆಯ ನೆರಳು, ಕಾಲಿಗೆ ಚುಚ್ಚುವ ನೆಗ್ಗಿಲು, ಮಂಡಿಯುದ್ದದ ನೀರಲ್ಲಿ ಒಂಟಿಕಾಲಿನ ಕೊಕ್ಕರೆ, ದಾದಿಯ ಬುಟ್ಟಿಯಿಂದ ಬೆಲ್ಲ ಸೋಂಪು ಬೆರೆಸಿ ಕರಿದ ಗುಲ್ಗುಲೆಯ ಪರಿಮಳ. ತೋಟದ ಬಾಯಲ್ಲೇ ಕೆಂಪಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದರು. "ಸಾಬ್ರೇ, ನೀವ್ ಅತ್ಲಾಗೆ ಹೋಗಿ. ಮದ್ಯಾನದ್ ಗಂಟ ಒಬ್ ಗಂಡ್ಸೂ ಇತ್ತ ತಲೆ ಹಾಕಂಗಿಲ್ಲ." ಅಬ್ಬಾ ಪಂಪ್‌ಹೌಸಿನ ಗೋಡೆಯ ಆಚೆ ಕುಳಿ ತೋಡಿ, ತಿದಿ ಹೂಡಿ, ಅವರ ಮನೆಯ ಹಂಡೆ ಬೋಸಿಗಳನ್ನೆಲ್ಲ ಬೆಳಗುತ್ತ ಕೂರುತ್ತಿದ್ದರು. ಈಚೆ ಅಮ್ಮಿ ಬುರ್ಖಾ ತೆಗೆದು ಹೊಂಗೆಯ ಕೊಂಬೆಗೆ ನೇತುಹಾಕಿ, ಚಪ್ಪಲಿ ಬಿಟ್ಟು, ಬೇಲಿಯ ಸಂದಿನಿಂದ ಒಳಗೆ ಕಾಲಿಡುತ್ತಿದ್ದಳು. ತಣ್ಣನೆಯ ಹುಲ್ಲು ಪಾದಕ್ಕೆ ತಗುಲಿದಾಗ ಅವಳ ಬಾಯಿಂದ ಹಾ ಅಂತ ಒಂದು ಉಸಿರು ಬರುತ್ತಿತ್ತು. ಆಮೇಲೆ ನನ್ನ ಕೈ ಹಿಡಿದು ಓಡುತ್ತಿದ್ದಳು. ನಮ್ಮ ಅಮ್ಮಿ ಓಡುತ್ತಿದ್ದಳು! ಮನೆಯಲ್ಲಿ ಮೆಲ್ಲಗೆ ಕೆಮ್ಮುವ ಹೆಂಗಸು ಅಲ್ಲಿ ಕೂಗುತ್ತಿದ್ದಳು, ನಗುತ್ತಿದ್ದಳು. ಗೋಡೆಯ ಆಚೆಯಿಂದ ನವಸಾಗರದ ಹೊಗೆ ತೇಲಿ ಬಂದು ತುಳಿದ ಹುಲ್ಲಿನ ವಾಸನೆಗೆ ಸೇರಿಕೊಳ್ಳುತ್ತಿತ್ತು.

ನನಗೆ ಎಂಟು ವರ್ಷವಿದ್ದಾಗ ಅಮ್ಮಿಗೆ ಕಾಯಿಲೆ ಜಾಸ್ತಿಯಾಯಿತು. ಹೃದಯದ ಕವಾಟ ಕೆಟ್ಟಿದೆ ಅಂದರು ಡಾಕ್ಟರು. ಪಾದ ಊದಿಕೊಳ್ಳುತ್ತಿತ್ತು, ಅಡುಗೆಮನೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು, ಮಲಗಿದರೆ ಉಸಿರು ಕಟ್ಟುತ್ತದೆ ಅಂತ ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಆ ವರ್ಷದ ಬುಧವಾರ ಹತ್ತಿರ ಬಂದಾಗ ಅಬ್ಬಾ ಬೇಡವೇ ಬೇಡ ಅಂದರು. ದಾದಿಗೂ ಧೈರ್ಯವಿರಲಿಲ್ಲ. ಹಟ ಹಿಡಿದವರು ನಾನು ಮತ್ತು ಅಮ್ಮಿ. ನನಗಂತೂ ಅನುಮಾನವೇ ಇರಲಿಲ್ಲ. ಪೈಗಂಬರರಿಗೆ ವಾಸಿಯಾದ ದಿನ ಅದು. ಹಸಿರು ತುಳಿದರೆ ಅಮ್ಮಿಗೂ ವಾಸಿಯಾಗುತ್ತದೆ. ಅಷ್ಟು ಸಣ್ಣ ಕೆಲಸಕ್ಕೆ ದೊಡ್ಡವರು ಯಾಕೆ ಇಷ್ಟು ಯೋಚಿಸುತ್ತಾರೆ ಅಂತ ಅತ್ತು ರಂಪ ಮಾಡಿದೆ. ಅಮ್ಮಿ ಮಾತ್ರ ಅಬ್ಬಾನ ಮುಖ ನೋಡಿ ಮೆಲ್ಲಗೆ ಅಂದಳು, "ಇದೊಂದು ಸಲ ಕರ್ಕೊಂಡು ಹೋಗಿ. ಮುಂದಿನ ವರ್ಷ ಕೇಳೋದಿಲ್ಲ." ಆ ಮಾತಿನ ಅರ್ಥ ಅಬ್ಬಾಗೆ ಆಗಿರಬೇಕು. ಎದ್ದು ಜಗಲಿಗೆ ಹೋದವರು ಬಹಳ ಹೊತ್ತು ಒಳಗೆ ಬರಲಿಲ್ಲ.

ಅಬ್ಬಾ ಮೊದಲೇ ಹೋಗಿ ವಿಷಯ ಹೇಳಿ ಬಂದಿದ್ದರಿಂದ ಕೆಂಪಮ್ಮ ಬಸ್ಸು ನಿಲ್ಲುವ ಕಡೆಗೆ ಎತ್ತಿನ ಗಾಡಿ ಕಳಿಸಿದ್ದರು, ಒಳಗೆ ಮೆತ್ತಗೆ ಹುಲ್ಲು ಹಾಸಿ ಮೇಲೆ ಕಂಬಳಿ ಹಾಕಿಸಿದ್ದರು. ಆ ವರ್ಷ ಹೊಳೆಯಲ್ಲಿ ನೀರು ಬಹಳ ಕಮ್ಮಿ. ಕೆಂಪಮ್ಮ ಬೇಲಿ ಹಾಕಿದ್ದಲ್ಲದೆ ಸಂಜೆ ಸಂಜೆ ಕೊಡದಲ್ಲಿ ನೀರು ಹೊತ್ತು ಆ ತಗ್ಗಿಗೆ ಹೊಯ್ದಿದ್ದರಂತೆ. "ಬಾ ತಂಗಿ, ಒಂದ್ ದನಾನೂ ಬಾಯಿ ಹಾಕಕ್ ಬುಟ್ಟಿಲ್ಲ. ನಿಂಗೇಂತ್ಲೇ ಮಡಗಿವ್ನಿ" ಅಂತ ಅಮ್ಮಿಯ ತೋಳು ಹಿಡಿದು ಇಳಿಸಿಕೊಂಡರು. ಒಂದು ಕಡೆ ಕೆಂಪಮ್ಮ, ಇನ್ನೊಂದು ಕಡೆ ದಾದಿ. ಊದಿದ ಪಾದ ಹುಲ್ಲಿನೊಳಗೆ ಹೂತುಕೊಂಡಿತು. ಹಾ ಅಂತ ಅದೇ ಉಸಿರು ಬಂತು. ಸ್ವಲ್ಪ ದೂರ ನಡೆದ ಮೇಲೆ ಅಮ್ಮಿ ಇಬ್ಬರ ಕೈಯನ್ನೂ ಬಿಡಿಸಿಕೊಂಡಳು. ಒಬ್ಬಳೇ ನಡೆದಳು. ನಿಂತು, ಉಸಿರು ತೆಗೆದುಕೊಂಡು, ಮತ್ತೆ ನಡೆದು, ನೀರಿನ ಅಂಚಿನವರೆಗೂ ಹೋಗಿ ತಿರುಗಿ ನಮ್ಮನ್ನು ನೋಡಿ ನಕ್ಕಳು. ಅವತ್ತು ಅವಳು ಗುಲ್ಗುಲೆಯನ್ನು ಕೇಳಿ ಕೇಳಿ ತಿಂದಳು, ನನಗೆ ಜಡೆ ಹಾಕಿದಳು, ಹೊಂಗೆಯ ನೆರಳಲ್ಲಿ ಕಾಲು ಚಾಚಿ, ಕೆಂಪಮ್ಮನ ತೊಡೆಯ ಮೇಲೆ ತಲೆಯಿಟ್ಟು, ಎಷ್ಟೋ ತಿಂಗಳ ಮೇಲೆ ಮಲಗಿ ನಿದ್ದೆ ಮಾಡಿದಳು. ನಾನು ಗೆದ್ದೆ ಅಂದುಕೊಂಡೆ. ಗೋಡೆಯ ಆಚೆಗೆ ಓಡಿ ಹೋಗಿ, "ಅಬ್ಬಾ, ಅಮ್ಮಿಗೆ ವಾಸಿಯಾಯ್ತು!" ಅಂತ ಕೂಗಿದೆ. ಅವರು ತೋಳಿನಿಂದ ಕಣ್ಣೊರೆಸಿಕೊಂಡು ತಿದಿ ಒತ್ತಿದರು. ಹೊಗೆಗೆ ಕಣ್ಣಲ್ಲಿ ನೀರು ಬಂದಿದೆ ಅಂದುಕೊಂಡೆ.

ಮುಂಗಾರು ಹಿಡಿದ ಮೊದಲ ವಾರದಲ್ಲಿ ಅಮ್ಮಿ ಹೋದಳು. ನಾನು ದಾದಿಯ ಮೇಲೆ ತಿರುಗಿ ಬಿದ್ದೆ. ನೀನು ಸುಳ್ಳಿ, ಹಸಿರು ತುಳಿದರೆ ವಾಸಿಯಾಗುತ್ತೆ ಅಂದೆ, ತುಳಿದಳಲ್ಲ, ಮತ್ತೆ ಯಾಕೆ ಸತ್ತಳು? ದಾದಿ ನನ್ನನ್ನು ಎಳೆದು ಮಡಿಲಲ್ಲಿ ಹಾಕಿಕೊಂಡು, ಪ್ರತಿ ವರ್ಷ ಅರ್ಧಕ್ಕೇ ನಿಲ್ಲಿಸುತ್ತಿದ್ದ ಕತೆಯ ಉಳಿದ ಭಾಗ ಹೇಳಿದಳು. ಆ ಬುಧವಾರದ ನಂತರ ಪೈಗಂಬರರಿಗೆ ಕಾಯಿಲೆ ಮರುಕಳಿಸಿತಂತೆ. ಮುಂದಿನ ತಿಂಗಳೇ ಅವರು ಹೊರಟುಹೋದರಂತೆ. "ಅವತ್ತು ಸಿಕ್ಕಿದ್ದು ಒಂದು ದಿನದ ಬಿಡುವು ಮಗಳೇ. ಅವರಿಗೇ ಅಷ್ಟು. ನಿಮ್ಮ ಅಮ್ಮಿಗೂ ಅದು ಗೊತ್ತಿತ್ತು. ಗೊತ್ತಿದ್ದೇ ಕೇಳಿದಳು." ನನಗೆ ಸಮಾಧಾನವಾಗಲಿಲ್ಲ. ಎಂಟು ವರ್ಷದವಳಿಗೆ ಒಂದು ದಿನ ಯಾವ ಮೂಲೆಗೆ ಸಾಕು?

ಮರುವರ್ಷ ಆ ಬುಧವಾರ ನಾವು ಎಲ್ಲಿಗೂ ಹೋಗಲಿಲ್ಲ. ದಾದಿ ಮಾವಿನೆಲೆಯನ್ನೂ ತರಿಸಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕೆಂಪಮ್ಮ. ತಲೆಯ ಮೇಲೆ ಮಂಕರಿ, ಅದರ ಮೇಲೆ ಒದ್ದೆ ಗೋಣಿ, ನೀರು ತೊಟ್ಟಿಕ್ಕಿ ಅವರ ಹೆಗಲೆಲ್ಲ ನೆನೆದಿತ್ತು. "ನೆನ್ನೆ ಹೊತ್ ಮುಳುಗೋಗಂಟ ಕಾದೆ ಕಣೇ ಮುನ್ನಿ. ನಿಮ್ಮವ್ವುಂಗೆ ಬಸ್ ಹತ್ತಕ್ ಆಗ್ಲಿಲ್ವೇನೋ ಅನ್ಕಂಡು ನಾನೇ ಕಿತ್ಕಂಡ್ ಬಂದೆ. ಎಲ್ಲವ್ಳೆ ತಂಗಿ?" ಗೋಣಿ ಸರಿಸಿದರು. ಮಂಕರಿಯ ತುಂಬ ಹೊಳೆ ದಂಡೆಯ ಹುಲ್ಲು, ಬೇರು ಮಣ್ಣಿನ ಸಮೇತ ಹೆಂಟೆ ಹೆಂಟೆಯಾಗಿ ಎಬ್ಬಿಸಿ ತಂದಿದ್ದರು. ಒಳಗಿಂದ ದಾದಿ ಬಂದು ತನ್ನ ಹರಕು ಕನ್ನಡದಲ್ಲಿ, "ಅವ್ಳು ಇಲ್ಲ ಕೆಂಪಮ್ಮ, ಮಳೆಗಾಲದಲ್ಲೇ ಹೋಗ್ಬಿಟ್ಳು" ಅಂದಳು.

ಕೆಂಪಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು. ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ಆಮೇಲೆ ಜಗಲಿಯಲ್ಲಿ ತಲೆ ತಗ್ಗಿಸಿ ನಿಂತಿದ್ದ ಅಬ್ಬಾನ ಕಡೆ ತಿರುಗಿದರು. "ಒಂದ್ ಮಾತ್ ಹೇಳ್ ಕಳ್ಸಬಾರ್ದಾ ಸಾಬ್ರೇ? ಇಲ್ದೇ ಇರೋಳ್ಗೆ ಹುಲ್ ಕಾಯ್ಕಂಡ್ ಕೂತಿದ್ನಲ್ಲಪ್ಪಾ ನಾನು!" ಅಮ್ಮಿ ಹೋದ ಮೇಲೆ ಅಬ್ಬಾ ಆ ಕಡೆ ಸೈಕಲ್ ತುಳಿದೇ ಇರಲಿಲ್ಲ. ಆ ದಾರಿಗೆ ಕಾಲೇ ಏಳಲಿಲ್ಲ ಅಂತ ಹೇಳಲು ಹೋಗಿ ಅವರೂ ಮಗುವಿನ ಹಾಗೆ ಅತ್ತುಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಕೆಂಪಮ್ಮ ಕಣ್ಣೊರೆಸಿಕೊಂಡು ಎದ್ದು, ಮಂಕರಿಯನ್ನು ಅಂಗಳಕ್ಕೆ ಎಳೆದು, ಒಗೆಯುವ ಕಲ್ಲಿನ ಪಕ್ಕದ ಹಸಿ ಜಾಗದಲ್ಲಿ ಹುಲ್ಲಿನ ಹೆಂಟೆಗಳನ್ನು ಒಂದಕ್ಕೊಂದು ಒತ್ತಿ ಹಾಸಿದರು. ನಿನ್ನೆಗೇ ದಿನ ಮುಗಿಯಿತು, ಇವತ್ತು ಗುರುವಾರ ಅಂದಳು ದಾದಿ. "ಗುರ್ವಾರ ಆದ್ರೇನಂತೆ ಅಜ್ಜಮ್ಮ, ಹುಲ್ಲಿಗ್ ವಾರ ಗೊತ್ತಾ?" ಅಂದು ನನ್ನ ಕೈ ಹಿಡಿದರು. "ಬಾ ಮಗ. ನಿಮ್ಮವ್ವನ ಪಾಲಿಂದೂ ನೀನೇ ತುಳಿ." ನಾನು ತುಳಿದೆ. ಎರಡು ಹೆಜ್ಜೆಗೆ ಮುಗಿದುಹೋಗುವಷ್ಟು ಹುಲ್ಲು. ಅದರ ಮೇಲೆ ಹೋಗಿ ಬಂದು, ಹೋಗಿ ಬಂದು, ಅಮ್ಮಿ ಸತ್ತ ದಿನವೂ ಬಾರದ ಅಳು ಆಗ ಬಂತು.

ಆ ಹುಲ್ಲು ಬೇರು ಬಿಟ್ಟಿತು. ದಾದಿ ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡಿದ ನೀರನ್ನು ಅದಕ್ಕೇ ಹಾಕುತ್ತಿದ್ದಳು. ಅವಳು ಇರುವವರೆಗೂ ನಮ್ಮ ಬುಧವಾರ ಆ ಮೂಲೆಯಲ್ಲೇ ನಡೆಯಿತು. ಎಂಬತ್ತರ ದಶಕದಲ್ಲಿ ಎಲ್ಲರ ಮನೆಗೂ ಸ್ಟೀಲ್ ಪಾತ್ರೆ ಬಂದು ತಿದಿ ಮೂಲೆ ಸೇರಿತು. ದಾದಿ ಹೋದಳು, ನನ್ನ ಮದುವೆಯಾಯಿತು, ಅಬ್ಬಾನೂ ಹೋದರು. ಆ ಮನೆಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿಗಳ ಸಾಲು. ನಮ್ಮ ಓದಿದ ಹುಡುಗರು ಆಖ್ರಿ ಚಾರ್‌ಶಂಬಾ ಅಂತ ಯಾವ ಕಿತಾಬಿನಲ್ಲೂ ಇಲ್ಲ, ಅದೆಲ್ಲ ಹಳೇ ಮುದುಕಿಯರ ರೂಢಿ ಅನ್ನುತ್ತಾರೆ. ಇರಬಹುದು. ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ದಾದಿ ಅಂದ ಒಂದು ದಿನದ ಲೆಕ್ಕ ನನಗೆ ಈಗ ಅರ್ಥವಾಗುತ್ತದೆ. ಅಮ್ಮಿಯ ಮುಖ ನೆನಪು ಮಾಡಿಕೊಂಡರೆ ಗೋಡೆಗೊರಗಿದ ಮುಖ ಬರುವುದಿಲ್ಲ. ನೀರಿನ ಅಂಚಿನಲ್ಲಿ ತಿರುಗಿ ನಕ್ಕ ಮುಖವೇ ಬರುತ್ತದೆ.

ಪಾರ್ಕಿನಲ್ಲಿ ನಾನು ಚಪ್ಪಲಿ ಬಿಟ್ಟೆ. ಸಿಮೆಂಟಿನ ದಾರಿಯಿಂದ ಇಳಿದು ಹುಲ್ಲಿನ ಮೇಲೆ ಕಾಲಿಟ್ಟೆ. ನನ್ನ ಬಾಯಿಂದಲೂ ಹಾ ಅಂತ ಒಂದು ಉಸಿರು ಬಂತು. ಅಷ್ಟರಲ್ಲಿ ಕಾವಲಿನವನ ಸೀಟಿ. "ಅಮ್ಮಾ, ಬೋರ್ಡ್ ನೋಡಿಲ್ವಾ? ಹುಲ್ ತುಳಿಯಂಗಿಲ್ಲ, ಈಚೆ ಬನ್ನಿ!" ಮೊಮ್ಮಗಳು ನಾಚಿಕೆಯಿಂದ ಕೆಂಪಾಗಿ, "ನಾನೀ, ಪ್ಲೀಸ್, ಬೈತಾನೆ ಬನ್ನಿ" ಅಂತ ಪಿಸುಗುಟ್ಟಿದಳು. ಪಾಪ, ಅವನ ಕೆಲಸ ಅವನು ಮಾಡುತ್ತಿದ್ದ. ಹುಲ್ಲು ಕಾಯುವುದು ಯಾರಿಗಾಗಿ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಬಂದೆ ಕಣಪ್ಪಾ" ಅಂತ ಕೈ ಎತ್ತಿ ತೋರಿಸಿದೆ. ಆದರೆ ತಿರುಗಲಿಲ್ಲ. ನನ್ನ ಪಾಲಿನದು ಆಗಿತ್ತು. ಅಮ್ಮಿಯ ಪಾಲಿನದು ಬಾಕಿಯಿತ್ತು. ನೀರಿನ ಅಂಚಿನವರೆಗೂ ಮೆಲ್ಲಗೆ ನಡೆದು, ಅದನ್ನೂ ತುಳಿದೇ ಈಚೆ ಬಂದೆ.