ಕುಂಡಗಳಿಗೆ ಬಳಿದ ಕೆಮ್ಮಣ್ಣು

ಕೆಮ್ಮಣ್ಣಿನ ಬಣ್ಣ ಕಂಡರೆ ನನಗೆ ಇಂದಿಗೂ ಹೇಸಿಗೆ. ಆಗ ಯುದ್ಧದ ಕಾಲ. ವಿಲಾಯಿತಿ ಬಣ್ಣ ಬರುವುದು ನಿಂತುಹೋಗಿ ನನ್ನ ಬಳಿ ಹಳದಿ, ನೀಲಿ, ಬಿಳಿ ಟ್ಯೂಬು ಮಾತ್ರ ಉಳಿದಿದ್ದವು. ಕೊಲ್ಲಾಪುರದ ಚಿತ್ರಕಲಾ ಮಾಸ್ತರರು, ಬಯಲಲ್ಲಿ ಕೂತು ಒಂದು ತೋಟ ಬರೆದು ತಂದರೆ, ಅದು ಮನಸ್ಸಿಗೆ ಬಂದರೆ, ಶಿಷ್ಯನಾಗಿ ಇಟ್ಟುಕೊಳ್ಳುತ್ತೇನೆ ಎಂದಿದ್ದರು. ಅಪ್ಪನದೂ ಒಂದು ಷರತ್ತು: “ದೀಪಾವಳಿ ಒಳಗ ಅವರು ಹೂಂ ಅನ್ನಬೇಕು. ಇಲ್ಲಂದ್ರ ಸುಮ್ಮನ ಗಡಹಿಂಗ್ಲಜಕ್ಕ ಬಂದು ಅಂಗಡ್ಯಾಗ ಕೂಡು.”

ಇಚಲಕರಂಜಿಯಲ್ಲಿ ಅಪ್ಪನ ದೋಸ್ತರೊಬ್ಬರಿದ್ದರು, ನೂಲಿನ ಸಾವುಕಾರರು. ಅವರ ತೋಟವನ್ನೇ ಆರಿಸಿದೆ. ಯಾಕೆಂದರೆ ಅಲ್ಲಿ ಕೆಂಪೆನ್ನುವುದೇ ಇರಲಿಲ್ಲ. ಪಾಚಿಗಟ್ಟಿ ಹಸಿರಾದ ಕುಂಡಗಳು, ಬಾಳೆ, ನಿಂಬೆ, ಹುಲ್ಲು ಹಬ್ಬಿದ ನೆಲ. ಮೂರು ಬಣ್ಣದಲ್ಲಿ ಅಷ್ಟೊಂದು ಬಗೆಯ ಹಸಿರು ಹುಟ್ಟುತ್ತದೆಂದು ನನಗೇ ಗೊತ್ತಿರಲಿಲ್ಲ. ಎಣ್ಣೆಬಣ್ಣ ಹಸಿಯಾಗಿರುತ್ತಿದ್ದುದರಿಂದ ಸಂಜೆ ಚಿತ್ರವನ್ನು ಅವರ ಪಡಸಾಲೆಯಲ್ಲೇ ಒರಗಿಸಿಟ್ಟು ಅದೇ ಊರಲ್ಲಿದ್ದ ನನ್ನ ಅತ್ತೆಯ ಮನೆಗೆ ಹೋಗುತ್ತಿದ್ದೆ.

ಕೊನೆಯ ದಿನ ಹೋಗಿ ನೋಡುತ್ತೇನೆ, ಥೂ! ಹಬ್ಬ ಬಂತೆಂದು ಕುಂಡಗಳಿಗೆಲ್ಲ ಕೆಮ್ಮಣ್ಣು ಬಳಿದು, ಅಂಚಿಗೆ ಸುಣ್ಣದ ಗೆರೆ ಎಳೆಸಿದ್ದಾರೆ. ಗಿಡದ ಬುಡಗಳನ್ನೂ ಬಿಟ್ಟಿಲ್ಲ. ಹಾಳಾಗಿ ಹೋಗಲಿ, ಚಿತ್ರದಲ್ಲಿ ತೋಟ ಮೊದಲಿನಂತೆಯೇ ಇದೆಯಲ್ಲ ಎಂದು ಪಡಸಾಲೆಗೆ ಓಡಿದೆ. ಸಾವುಕಾರರು ಚಿತ್ರದ ಮುಂದೆ ನಗುತ್ತ ನಿಂತಿದ್ದರು.

“ನಿನ್ನ ಕಡೆ ಕೆಂಪ ಬಣ್ಣ ಇಲ್ಲಂತ ನನಗ ಗೊತ್ತೈತೋ ತಮ್ಮಾ. ಕುಂಡಕ್ಕ ತಂದ ಕೆಮ್ಮಣ್ಣು ಉಳಿದಿತ್ತು. ಅಗಸಿ ಎಣ್ಣ್ಯಾಗ ಕಲಸಿ ಚಿತ್ರದಾಗಿನ ಕುಂಡಕ್ಕೂ ಹಚ್ಚಿಸೇನಿ. ಈಗ ಹ್ಯಾಂಗ ಕಾಣತೈತಿ ನೋಡು!”

ಅರಿವೆಯಿಂದ ಒಂದು ಕುಂಡ ಒರೆಸಿದೆ. ಕೆಳಗಿನ ಹಸಿರೂ ಕಿತ್ತು ಬಂದು ಅಲ್ಲೆಲ್ಲ ಸೆಗಣಿ ಸಾರಿಸಿದಂತಾಯಿತು.

“ಕಾಕಾ, ಏನ ಮಾಡಿಬಿಟ್ರಿ ಇದು?” ಎಂದೆ.

“ಅದಕ್ಯಾಕ ಸಂಕೋಚ? ನೀ ನಮ್ಮ ಹುಡುಗ ಅಲ್ಲೇನು!”

ಇಂಥ ಉಪಕಾರಕ್ಕೆ ಬೆಂಕಿ ಹಾಕಬೇಕು! ಇದನ್ನು ಮಾಸ್ತರರಿಗೆ ತೋರಿಸುವ ಹಾಗಿರಲಿಲ್ಲ. ಮತ್ತೆ ಬರೆಯೋಣವೆಂದರೆ ಟ್ಯೂಬುಗಳೂ ಖಾಲಿ, ಹಬ್ಬವೂ ಮರುದಿನವೇ.

ಕರೆದೊಯ್ಯಲು ಬಂದ ಅಪ್ಪ ಚಿತ್ರ ನೋಡಿ, “ಭಾಳ ಛಲೋ ಆಗೇತಿ. ಕುಂಡ ಅಂತೂ ಖರೇನ ಕುಂಡ ಕಂಡಂಗ ಕಾಣತಾವ” ಎಂದರು. ಊರಿಗೆ ತಂದು ಅಂಗಡಿಯಲ್ಲಿ ಗಾದಿಯ ಹಿಂದಿನ ಗೋಡೆಗೆ ತೂಗುಹಾಕಿದರು. ಅದರ ಕೆಳಗೆ, ಆ ಗಾದಿಯ ಮೇಲೆ ನಾನು ಕೂತೆ. ಬಂದ ಗಿರಾಕಿಗಳೆಲ್ಲ ನನ್ನ ತಲೆಯ ಮೇಲಿಂದ ನೋಡಿ ಆ ಕುಂಡಗಳನ್ನೇ ಹೊಗಳುತ್ತಿದ್ದರು. ನಾನು “ಹೌದ್ರಿ” ಎನ್ನುತ್ತಿದ್ದೆ.